ಹಡಗಿನಲ್ಲಿ ಯಕ್ಕನ ಬಾಗಿಲು

ಯಕ್ಕ ತೀರಿಕೊಂಡ ಸುದ್ದಿ ಬಂದಾಗ ನಾನು ಮೋಟೆಬೆನ್ನೂರಿನ ಆಚೆ ಒಂದು ಬೆಂಡೆ ಹೊಲದಲ್ಲಿ ನಿಂತು ಕೆಲಸದ ಹೆಣ್ಣುಮಕ್ಕಳನ್ನು ಬೈಯುತ್ತಿದ್ದೆ. ದಾರ ಸಡಿಲ ಕಟ್ಟಿದ್ದರು, ಗಾಳಿಗೆ ಅರ್ಧ ಉದುರಿಹೋಗಿತ್ತು. ಫೋನು ಕಿಸೆಗೆ ಹಾಕಿ, ಬೈಯುವುದು ಬಿಟ್ಟು, ಉದುರಿದ ದಾರಗಳನ್ನು ಒಂದೊಂದಾಗಿ ಆರಿಸತೊಡಗಿದೆ. "ಯಾಕ್ರೀ ಮೇಡಮ್ಮಾರ, ಏನಾತ್ರಿ?" ಎಂದರು. "ಯಕ್ಕ ಹೋದಳು" ಎಂದೆ. ಆಕೆಯನ್ನು ಕಣ್ಣಾರೆ ಕಾಣದವರೂ ಅಲ್ಲಿದ್ದರು. ಆದರೂ ಯಾವ ಯಕ್ಕ ಎಂದು ಒಬ್ಬರೂ ಕೇಳಲಿಲ್ಲ.

ಹೆಸರು ಬರೆಯುವುದಿಲ್ಲ. ಬರೆದರೆ, "ನನ್ನ ಹೆಸರ ತೊಗೊಂಡು ಏನ್ ಉಪ್ಪಿನಕಾಯಿ ಹಾಕ್ತೀ?" ಎಂದು ಮೇಲಿಂದಲೇ ಕೇಳುವಂಥವಳು. ರಾಣೇಬೆನ್ನೂರು ತಾಲೂಕಿನಲ್ಲಿ, ಕುಮಾರಪಟ್ಟಣದ ಕಡೆಗೆ, ಹೊಳೆದಂಡೆಯ ಒಂದು ಹಳ್ಳಿ ಆಕೆಯದು. ಎರಡೆಕರೆ ಹೊಲ. ನಾನು ಕೆಲಸ ಮಾಡುವ ಬೀಜದ ಕಂಪನಿಗೆ ಹೈಬ್ರಿಡ್ ಬೆಂಡೆಬೀಜ ಬೆಳೆದುಕೊಡುತ್ತಿದ್ದಳು. ಊರೆಲ್ಲ ಯಕ್ಕಾ ಅನ್ನುತ್ತಿತ್ತು, ನಾನೂ ಅಂದೆ.

ಈ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ನಾಳೆ ಅರಳುವ ಬೆಂಡೆ ಮೊಗ್ಗನ್ನು ಇವತ್ತು ಸಂಜೆ ಬಿಡಿಸಿ, ಅದರೊಳಗಿನ ಗಂಡುಭಾಗವನ್ನು ತೆಗೆದುಹಾಕುತ್ತಾರೆ. ಬೆಳಿಗ್ಗೆ ಇನ್ನೊಂದು ತಳಿಯ ಹೂವಿನ ಪರಾಗವನ್ನು ತಂದು ಅದಕ್ಕೆ ಮುಟ್ಟಿಸಿ, ತೊಟ್ಟಿಗೆ ಗುರುತಾಗಿ ಒಂದೆಳೆ ಉಣ್ಣೆದಾರ ಕಟ್ಟುತ್ತಾರೆ. ಕಾಯಿ ಬಲಿತ ಮೇಲೆ ದಾರ ಇದ್ದದ್ದನ್ನಷ್ಟೇ ಬೀಜಕ್ಕೆ ಇಟ್ಟುಕೊಳ್ಳುವುದು. ದಾರ ಇಲ್ಲದೆ ತಾನಾಗಿ ಕಟ್ಟಿದ ಕಾಯಿ ಎಷ್ಟು ಚೆಂದ ಇದ್ದರೂ ಕಿತ್ತು ಅಡಿಗೆ ಮನೆಗೆ. "ದಾರ ಇದ್ದದ್ದು ಬೀಜ, ದಾರ ಇಲ್ಲದ್ದು ಪಲ್ಲೆ" ಎಂಬುದು ಯಕ್ಕನ ಮಾತು. ಹುಡುಗಿಗೆ ವರ ಬಂದರೂ, ಊರಿಗೆ ಹೊಸ ಮೇಷ್ಟ್ರು ಬಂದರೂ, ಚುನಾವಣೆಗೆ ಯಾರಾದರೂ ಕೈಮುಗಿದುಕೊಂಡು ಬಂದರೂ ಆಕೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. "ಇಂವಾ ಪಲ್ಲೆ" ಎಂದುಬಿಟ್ಟರೆ ಮುಗಿಯಿತು.

ನಾನು ಡಿಪ್ಲೊಮಾ ಮುಗಿಸಿ, ಬ್ಯಾಡಗಿಯ ನಮ್ಮ ಮನೆಯಿಂದ ಹೊಸ ಸ್ಕೂಟಿಯಲ್ಲಿ ಆಕೆಯ ಹೊಲ ತಪಾಸಣೆಗೆ ಹೋದ ಮೊದಲ ದಿನ ನನ್ನನ್ನೂ ಹಾಗೆಯೇ ನೋಡಿದಳು. ಕೈಯಲ್ಲಿ ನೋಟುಬುಕ್ಕು, ಕೊರಳಲ್ಲಿ ಗುರುತಿನ ಚೀಟಿ, ಮಾತಿನಲ್ಲಿ ಇಂಗ್ಲಿಷು, ಎಲ್ಲ ಇತ್ತು ನನ್ನ ಹತ್ತಿರ. ಆಕೆ ಒಂದು ಗಿಡ ಬಗ್ಗಿಸಿ ಕೇಳಿದಳು: "ಇದನ್ನ ಕಟ್ಟಿದಾಕಿ ಎಡಗೈಯಾಕಿನೋ ಬಲಗೈಯಾಕಿನೋ?" ಎಲ್ಲ ಗಂಟೂ ನನಗೆ ಒಂದೇ ಥರ ಕಂಡವು. "ಎಡಗೈಯಾಕಿ. ಗಂಟಿನ ಬಾಲ ಈಕಡೆ ತಿರಗೇತಿ ನೋಡು. ಬುಕ್ಕಿನ್ಯಾಗ ಬರಕೋ" ಎಂದಳು. ಹೊಲದ ತುಂಬ ನಗೆಯೋ ನಗೆ. ನಾನು ಸಿಟ್ಟಿನ ಹುಡುಗಿ, ಮೂರು ದಿನ ಆ ಹೊಲದ ಕಡೆ ಹೋಗಲಿಲ್ಲ. ನಾಲ್ಕನೇ ದಿನ ಹೋದಾಗ ಖಡಕ್ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಕೊಟ್ಟು, "ಸಿಟ್ಟಿಗೆದ್ದಾಕಿ ತಿರಗಿ ಬಂದ್ಲಂದ್ರ ದಾರ ಐತಿ ಆಕಿಗೆ" ಎಂದಳು. ಅಲ್ಲಿಂದ ಶುರುವಾಯಿತು ನಮ್ಮದು.

ಆಕೆಗೆ ಒಂದಕ್ಷರ ಬರುತ್ತಿರಲಿಲ್ಲ. ಅದಕ್ಕೆ ನಾಚಿದ್ದನ್ನೂ ನಾನು ಕಾಣೆ. ಹೆಬ್ಬೆಟ್ಟು ಒತ್ತುವಾಗ, "ನಿನ್ನ ಸಹಿ ಯಾರರ ನಕಲ ಮಾಡ್ಯಾರು. ನನ್ನ ಹೆಬ್ಬಟ್ಟ ಯಾರ ಮಾಡ್ತಾರ, ಮಾಡ್ಲಿ ನೋಡೂಣು" ಎಂದು ಬೆರಳನ್ನು ಎಲ್ಲರಿಗೂ ತೋರಿಸುತ್ತಿದ್ದಳು. ರಾಣೇಬೆನ್ನೂರು ಬಸ್ ನಿಲ್ದಾಣದಲ್ಲಿ ಯಾರನ್ನೂ ಕೇಳುತ್ತಿರಲಿಲ್ಲ. ಬ್ಯಾಡಗಿ ಬಸ್ಸನ್ನಂತೂ ಮೂಗಿನಿಂದಲೇ ಹಿಡಿಯುತ್ತಿದ್ದಳು. ಮೆಣಸಿನಕಾಯಿ ಚೀಲ ಹೊತ್ತು ಹೊತ್ತು ಆ ಬಸ್ಸುಗಳ ಸೀಟಿಗೂ ಘಾಟು ಹತ್ತಿದೆ. ಉಳಿದ ಬಸ್ಸುಗಳಿಗೆ ಡ್ರೈವರನ ಮೀಸೆಯೋ, ಮುಂದಿನ ಗಾಜಿಗೆ ಕಟ್ಟಿದ ಗೊಂಡೆಯೋ ಗುರುತು. ವಿಚಾರ ಮಾಡುವಾಗ ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಚೂರು ಕೆಂಪು ದಾರ ಹೊಸೆಯುವುದು ಆಕೆಯ ರೂಢಿ. ಎಲೆ ಅಡಿಕೆಯ ಸಂಚಿಯಲ್ಲಿ ಅಡಿಕೆ ಇಲ್ಲದ ದಿನ ಇತ್ತು, ದಾರ ಇಲ್ಲದ ದಿನ ಇರಲಿಲ್ಲ.

ಇಂಥವಳು ಹಡಗು ಹತ್ತಿದ ಕಥೆಯನ್ನು ಹೇಳಲೆಂದೇ ನಾನು ಇದನ್ನು ಬರೆಯಲು ಕೂತದ್ದು.

ಒಂದು ವರ್ಷ ಆಕೆಯ ಬೀಜ ಶುದ್ಧತೆಯ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ ಬಂತು. ಕಂಪನಿಯವರು ಆ ಸಲ ಒಳ್ಳೆಯ ಬೆಳೆಗಾರರನ್ನೂ ಬೀಜ ಮಾರುವ ಅಂಗಡಿಯವರನ್ನೂ ಸೇರಿಸಿ ಮುಂಬೈಯಿಂದ ಹಡಗಿನ ಪ್ರವಾಸ ಇಟ್ಟಿದ್ದರು. ನಾಲ್ಕು ರಾತ್ರಿ ಸಮುದ್ರದ ಮೇಲಿದ್ದು ಮತ್ತೆ ಮುಂಬೈಗೇ ಬರುವುದು. ಮೊದಲು ಹಾವೇರಿಯಲ್ಲಿ ಒಂದು ಸಮಾರಂಭ ಮಾಡಿ ಎಲ್ಲರಿಗೂ ಶಾಲು, ಏಲಕ್ಕಿ ಹಾರ ಹಾಕಿದರು. ಉಳಿದವರು ಹಾರವನ್ನು ಮನೆಗೆ ಒಯ್ದು ದೇವರ ಫೋಟೋಕ್ಕೆ ಹಾಕಿದರೆ ಯಕ್ಕ ಅದನ್ನು ಹಡಗಿನ ಬ್ಯಾಗಿನಲ್ಲೇ ತುರುಕಿಕೊಂಡು ಬಂದಳು. ಯಾಕೆಂದರೆ, "ಮನಿಯಾಗಿಟ್ರ ಇಲಿ ಕಡಿತಾವ." ಬಂದರಿನ ತಪಾಸಣೆಯಲ್ಲಿ ಆಕೆಯ ರೊಟ್ಟಿ, ಶೇಂಗಾ ಚಟ್ನಿ ಎಲ್ಲ ತೆಗೆಸಿದರು. ಹಾರವನ್ನು ಮಾತ್ರ ಮೂಸಿ ನೋಡಿ ವಾಪಸು ಕೊಟ್ಟರು.

ಆಕೆಗೂ ನನಗೂ ಒಂದೇ ಖೋಲಿ. ಅದಕ್ಕೆ ಕಿಟಕಿ ಇರಲಿಲ್ಲ. ಹೊರಗೆ ಉದ್ದಾನುದ್ದ ಓಣಿ. ಓಣಿಯ ಎರಡೂ ಕಡೆ ಬಾಗಿಲು, ಬಾಗಿಲ ಪಕ್ಕ ಬಾಗಿಲು, ಎಲ್ಲವೂ ಒಂದೇ ಬಣ್ಣ, ಒಂದೇ ಅಳತೆ. ನಂಬರೊಂದೇ ಬೇರೆ. ಯಕ್ಕ ಈ ತುದಿಯಿಂದ ಆ ತುದಿಗೆ ನೋಡಿ, "ಎಲ್ಲಾ ಬೋಳು ಬಾಗಲಾನ ಅದಾವಲ್ಲ ತಂಗಿ. ಒಂದಕ್ಕರ ತೋರಣ ಬ್ಯಾಡಾ?" ಎಂದಳು. ಒಳಗೆ ಬಂದು ಕೂತ ಮೇಲೆ ತನ್ನ ಆಸೆ ಹೇಳಿದಳು. ನೀರಿನೊಳಗಿಂದ ಹೊತ್ತು ಹುಟ್ಟುವುದನ್ನು ನೋಡಬೇಕು. "ಹೊತ್ತು ಹುಟ್ಟೂಕಿಂತ ಮೊದಲ ಹೊಲಕ್ಕ ಹೋಗಿ ಜಲಮ ಹೋತು. ತಲಿ ಎತ್ತಿ ಒಂದಿನಾ ನೋಡಿಲ್ಲ. ಇಲ್ಲೇನ ಕೆಲಸ ಐತಿ? ಕುಂತು ನೋಡತೇನಿ." ಕುಂತು ನೋಡಬೇಕೆಂದರೆ ನಾಲ್ಕು ಮಹಡಿ ಮೇಲೆ ಹೋಗಬೇಕಿತ್ತು.

ಹಡಗು ಬಂದರು ಬಿಟ್ಟ ಅರ್ಧ ತಾಸಿಗೆ ನನ್ನ ಹೊಟ್ಟೆ ತೊಳಸಲು ಶುರುವಾಯಿತು. ಓಕರಿಸಿ ಓಕರಿಸಿ ಚಾಪೆಯಂತೆ ಬಿದ್ದುಕೊಂಡೆ. "ಕದರಮಂಡಲಗಿ ಹನುಮಪ್ಪಾ, ದಂಡಿಗೆ ಮುಟ್ಟಸು, ಐದು ಕಾಯಿ ಒಡಸ್ತೇನಿ" ಎಂದು ನರಳಿದರೆ ಯಕ್ಕ ನನ್ನ ಹಣೆ ಒತ್ತುತ್ತ, "ಆಂವಾ ಸಮುದ್ರಾನ ಹಾರಿದಾಂವ. ನೀ ಹಡಗಿನ್ಯಾಗ ಮಕ್ಕೊಂಡು ಅಂಜತಿ ಅಂದ್ರ ನಗ್ತಾನ ನೋಡು" ಎಂದಳು. ಆಮೇಲೆ ಸಂಚಿಯಿಂದ ಒಂದೆಳೆ ಕೆಂಪು ದಾರ ತೆಗೆದು ಬಾಗಿಲಿನ ಹಿಡಿಕೆಗೆ ಕಟ್ಟಿದಳು. ಬೆಳಿಗ್ಗೆ ನಾನು ಏಳುವ ಸ್ಥಿತಿಯಲ್ಲಿರಲಿಲ್ಲ, ಆಕೆ ಒಬ್ಬಳೇ ಹೊರಟಳು.

ತಿರುಗಿ ಬಂದದ್ದು ಎರಡು ತಾಸಿನ ಮೇಲೆ, ಬಿಳಿ ಅಂಗಿಯ ಕಾವಲಿನವನ ಜೊತೆಗೆ. ಆದದ್ದು ಇಷ್ಟು. ಮೇಲೆ ಮುಟ್ಟುವಷ್ಟರಲ್ಲಿ ಬಿಸಿಲು ಏರಿತ್ತು, ಸೂರ್ಯ ತಪ್ಪಿದ. ಇಳಿದು ಬಂದರೆ ಬಾಗಿಲಿಗೆ ದಾರ ಇಲ್ಲ. ಓಣಿ ಗುಡಿಸುವಾತ ಕಸವೆಂದು ಬಿಚ್ಚಿ ಒಯ್ದಿದ್ದ. ಯಕ್ಕ ಈ ಮಹಡಿಯೋ ಆ ಮಹಡಿಯೋ ಎಂದು ಹತ್ತಿ ಇಳಿದು, ಕೊನೆಗೆ ಮೆಟ್ಟಿಲ ಮೇಲೆ ಕೂತಿದ್ದಳಂತೆ. ಅಷ್ಟರಲ್ಲಿ ನಮ್ಮ ಇಡೀ ತಂಡಕ್ಕೆ ಸುದ್ದಿ ಮುಟ್ಟಿತ್ತು.

ಮಧ್ಯಾಹ್ನ ಊಟದ ಹಾಲಿನಲ್ಲಿ ಎಲ್ಲರ ಎದುರಿಗೇ ನಮ್ಮ ಕಂಪನಿಯ ಮ್ಯಾನೇಜರ್ ಸಾಹೇಬರು, "ಅವ್ವಾರ, ನೀವು ಕಳದ್ರ ನಿಮ್ಮ ಊರಿಗೆ ನಾ ಏನ್ ಹೇಳ್ಲಿ? ಓದಾಕ ಬರದವರು ಒಬ್ಬರ ತಿರಗಬಾರದ್ರಿ. ಇನ್ಮ್ಯಾಲೆ ಮೇಡಂ ಕೈ ಬಿಡಬ್ಯಾಡ್ರಿ. ಇಲ್ಲಂದ್ರ ಖೋಲ್ಯಾಗ ಕುಂದರ್ರಿ" ಎಂದರು. ನಮ್ಮ ಅಂಗಡಿಯವರಲ್ಲಿ ಒಂದಿಬ್ಬರು ನಕ್ಕರು. ನಾನು? ಹೇಳಲು ನಾಚಿಕೆಯಾಗುತ್ತದೆ. ಬಾಗಿಲು ತೆಗೆಯುವ ಆಕೆಯ ಕಾರ್ಡನ್ನು ಆಗಲೇ ಈಸಿಕೊಂಡು ನನ್ನ ಪರ್ಸಿಗೆ ಹಾಕಿಕೊಂಡೆ. ಯಕ್ಕ ತಾಟು ನೋಡುತ್ತ ಉಂಡಳು. ಹೆಬ್ಬೆರಳು ತೋರುಬೆರಳು ಮಾತ್ರ ಒಂದನ್ನೊಂದು ಹೊಸೆಯುತ್ತಿದ್ದವು, ನಡುವೆ ದಾರ ಇರಲಿಲ್ಲ.

ಖೋಲಿಗೆ ಬಂದು ಬಾಗಿಲು ಹಾಕಿದ ಮೇಲೆ ಬಾಯಿಬಿಟ್ಟಳು. "ತಂಗಿ, ನಾ ಗಂಟಲ್ಲ, ನೀ ಹೊತಗೊಂಡು ತಿರಗಾಕ. ಗಂಡ ಸತ್ತ ಮ್ಯಾಲೆ ಎರಡೆಕರೆ ಹೊಲ ನಾನ ಮಾಡೇನಿ, ಯಾರ ಕೈನೂ ಹಿಡದಿಲ್ಲ. ಇಲ್ಲಿ ಬಂದು ಕೂಸಾಗ್ಲೇನು? ಕಾರ್ಡ ಕೊಡು."

"ಕೊಡೂದಿಲ್ಲ. ಮತ್ತ ಕಳದ್ರ ನನ್ನ ನೌಕರಿ ಹೋಕ್ಕೈತಿ" ಎಂದೆ. ನನಗೂ ಸಿಟ್ಟು ಬಂದಿತ್ತು.

"ಹಂಗಾರ ಒಂದ ಸಲ ಕೊಡು. ಈ ಬಾಗಲಕ್ಕ ಖರೇ ಗುರ್ತ ಮಾಡ್ತೇನಿ. ನಾಳೆ ಒಬ್ಬಾಕಿನ ಹೋಗಿ, ಹೊತ್ತು ಹುಟ್ಟೂದು ನೋಡಿ, ಒಬ್ಬಾಕಿನ ತಿರಗಿ ಬರತೇನಿ. ಬರಲಿಲ್ಲಂದ್ರ ಆಮ್ಯಾಲ ನೀ ಕುಂದ್ರು ಅಂದಲ್ಲಿ ಕುಂದರತೇನಿ, ಮುಂಬೈ ಬರೂತನಾ ಪಿಟ್ಟ ಅನ್ನೂದಿಲ್ಲ."

ನಾನು ಹ್ಞೂಂ ಎಂದೆ. ಗುರುತು ಹಾಕುವುದು ಆಗದ ಮಾತು ಎಂಬ ಧೈರ್ಯದಿಂದಲೇ ಹ್ಞೂಂ ಎಂದದ್ದು. ಬಾಗಿಲಿಗೆ ಮೊಳೆ ಹೊಡೆಯುವಂತಿಲ್ಲ, ಅಂಟು ಹಚ್ಚುವಂತಿಲ್ಲ ಎಂದು ಖೋಲಿಯ ನಿಯಮದ ಹಾಳೆಯಲ್ಲಿ ಬರೆದಿತ್ತು. ಓದಿ ಹೇಳಿದೆ. ಆಕೆ ಬಾಗಿಲ ಎದುರು ನಿಂತು, ಹೊಲದಲ್ಲಿ ಗಿಡ ನೋಡುವ ಹಾಗೆ ಮೇಲಿಂದ ಕೆಳಗೆ ನೋಡಿದಳು. ಬಾಗಿ ಹೊಸ್ತಿಲು ಮುಟ್ಟುವಾಗ ಎದೆಯ ಮೇಲಿದ್ದ ಹೆಸರಿನ ಬಿಲ್ಲೆ ಕಳಚಿ ಬಾಗಿಲಿಗೆ ಹೋಗಿ ಟಿಕ್ ಎಂದು ಕೂತಿತು.

ಕಂಪನಿಯವರು ನಮಗೆಲ್ಲ ಕೊಟ್ಟ ಬಿಲ್ಲೆ ಅದು. ಪಿನ್ನು ಇಲ್ಲ, ಸೀರೆಯ ಒಳಗಡೆ ತಗಡಿನ ಚೂರು ಇಟ್ಟು, ಬೆನ್ನಿಗೆ ಅಯಸ್ಕಾಂತ ಇರುವ ಹೆಸರನ್ನು ಹೊರಗಿನಿಂದ ಅಂಟಿಸುವುದು. ಯಕ್ಕ ಅದನ್ನು ಕಿತ್ತಳು, ಮತ್ತೆ ಹಚ್ಚಿದಳು. ಟಿಕ್. ಇನ್ನೊಂದು ಕಡೆ ಹಚ್ಚಿದಳು. ಟಿಕ್. "ಯವ್ವಾ, ಬಾಗಲಾ ಕಬ್ಬಿಣದ್ದು!" ಎಂದು ಚಪ್ಪಾಳೆ ತಟ್ಟಿದಳು ನೋಡಿ, ಆ ಮುಖ ಈಗಲೂ ನನ್ನ ಕಣ್ಣ ಮುಂದೆ ಇದೆ.

ಆಮೇಲಿನದ್ದು ದಂಡಯಾತ್ರೆ. ನನ್ನ ಕೈ ಹಿಡಿದುಕೊಂಡೇ ನಮ್ಮ ತಂಡದ ಖೋಲಿ ಖೋಲಿಗೆ ಹೋಗಿ ಬಿಲ್ಲೆ ಕೇಳಿದಳು. "ನಿಮ್ಮ ಹೆಸರ ನಿಮಗ ಗೊತ್ತೈತಲ್ಲ, ಎದಿ ಮ್ಯಾಲ ಯಾಕ ಬೇಕು? ಕೊಡ್ರಿ, ಹೋಗೂವಾಗ ವಾಪಸ್ ಕೊಡ್ತೇನಿ." ಊಟದ ಹೊತ್ತಿಗೆ ನಕ್ಕಿದ್ದ ಅಂಗಡಿಯವರೂ ಕೊಟ್ಟರು. ಹನ್ನೊಂದು ಬಿಲ್ಲೆ ಕೂಡಿದವು. ಬಿಲ್ಲೆಗೊಂದರಂತೆ ತೋರಣಕ್ಕೆ ಹನ್ನೊಂದು ಮಾವಿನೆಲೆ ಬೇಕಲ್ಲ? ಸಮುದ್ರದ ನಡುವೆ ಮಾವಿನೆಲೆ ಎಲ್ಲಿಂದ ತರುವುದು? ರಾಣೇಬೆನ್ನೂರಿನಲ್ಲಿ ಈ ಪ್ರವಾಸಕ್ಕೆಂದೇ ಕೊಂಡಿದ್ದ ನನ್ನ ಹೊಸ ಹಸಿರು ಓಢಣಿ ಕುರ್ಚಿಯ ಮೇಲಿತ್ತು. "ಯಕ್ಕಾ, ಅದನ್ನ ಮುಟ್ಟೀ ಅಂದ್ರ ನೋಡು!" ಎನ್ನುವುದರೊಳಗೆ ಚರ್ ಎಂದಿತು. ನಾನು ಬಾಯಿಗೆ ಬಂದಂತೆ ಬೈದೆ. ಆಕೆ ಹರಿದ ಬಟ್ಟೆಯನ್ನು ಎಲೆಯಂತೆ ಮಡಚುತ್ತ, "ಕಾರ್ಡ ಕಸಗೊಂಡೀದಿ, ಓಢಣಿ ಹರದೇನಿ. ಫಿಟ್ಟಂಫಿಟ್ಟ ಆತು" ಎಂದಳು.

ಕೆಂಪು ದಾರಕ್ಕೆ ಹನ್ನೊಂದು ಹಸಿರೆಲೆ. ಪ್ರತಿ ಎಲೆಯ ತಲೆಗೆ ಬೆಂಡೆ ತೊಟ್ಟಿಗೆ ಕಟ್ಟುವ ಅದೇ ಗಂಟು. ಮೇಲೆ ಸಾಲಾಗಿ ಬಿಲ್ಲೆಗಳು, ನಡುವೆ ಹಾವೇರಿಯ ಏಲಕ್ಕಿ ಹಾರ. ಮುಗಿಸಿ ಹಿಂದೆ ಸರಿದು ನೋಡುವಾಗ ಬೆಳಿಗ್ಗೆ ದಾರ ಬಿಚ್ಚಿದ್ದ ಓಣಿಯ ಕೆಲಸಗಾರ ಬಂದ. ನಡುವಯಸ್ಸಿನ ಮನುಷ್ಯ, ಕನ್ನಡದ ಗಂಧವೂ ಇಲ್ಲ. ಯಕ್ಕ ಬಾಗಿಲಿಗೆ ಅಡ್ಡ ನಿಂತು, "ತಮ್ಮಾ, ಇದು ಕಸ ಅಲ್ಲ" ಎಂದಳು. ಆತ ಒಂದು ಬಿಲ್ಲೆ ಎಳೆದು, ಅಂಟಿಲ್ಲ ಎಂದು ಖಾತ್ರಿ ಮಾಡಿಕೊಂಡು, ಟಿಕ್ ಎಂದು ತಿರುಗಿ ಹಚ್ಚಿದ. ಆಮೇಲೆ ಹಾರವನ್ನು ಮೂಸಿ ಕೈಮುಗಿದ. ಎಸಿ ಗಾಳಿಗೆ ಆ ಓಣಿಯೆಲ್ಲ ಏಲಕ್ಕಿ ಪರಿಮಳ ಹರಡಿತ್ತು.

"ಬಾಗಲಾತು. ಮಹಡಿ ಹೆಂಗ ಗುರ್ತ ಹಿಡೀತಿ?" ಎಂದು ಮತ್ತೆ ಕೊಂಕು ತೆಗೆದೆ. ಆಕೆ ಒಂದು ಮೊಳ ದಾರ ಹರಿದು ಮುಂಗೈಗೆ ಸುತ್ತಿಕೊಂಡು ಮಲಗಿದಳು.

ಎಚ್ಚರಾದಾಗ ಪಕ್ಕದ ಹಾಸಿಗೆ ಖಾಲಿ. ಪರ್ಸು ನೋಡಿದರೆ ಆಕೆಯ ಕಾರ್ಡೂ ಇಲ್ಲ. ಒಪ್ಪಿದ್ದೇನೋ ಹೌದು, ಆದರೂ ಮಲಗಿರಲು ಆಗಲಿಲ್ಲ. ಕಬ್ಬಿಣದ ಕಟಕಟೆ ಹಿಡಿದು ಬಗ್ಗಿ ನೋಡಿದರೆ? ಕಾಲು ಜಾರಿದರೆ? ನೈಟಿಯ ಮೇಲೆ ಶಾಲು ಹೊದ್ದು ಓಡಿದೆ. ಮೆಟ್ಟಿಲು ಹತ್ತಿದೆ, ಓಣಿ ಹಿಡಿದೆ, ಕೈಗಾಡಿಗಳು ನಿಂತ ಯಾವುದೋ ಮೂಲೆಗೆ ಹೋಗಿ ಸಿಕ್ಕೆ, ಇಳಿದೆ. ತಲೆ ತಿರುಗಿತು, ಖೋಲಿಗೆ ಹೋಗಿ ನೀರು ಕುಡಿದು ಬರೋಣವೆಂದು ನಮ್ಮ ಬಾಗಿಲಿಗೆ ಬಂದು ಕಾರ್ಡು ತೋರಿಸಿದೆ. ಕೆಂಪು ದೀಪ. ಮತ್ತೆ ತೋರಿಸಿದೆ. ಕೆಂಪು ದೀಪ. ಬಾಗಿಲು ತೆರೆದದ್ದು ಬನಿಯನ್ನಿನ ಮೇಲಿದ್ದ ಒಬ್ಬ ದೊಡ್ಡ ಮನುಷ್ಯ, ಯಾವ ಭಾಷೆಯಲ್ಲಿ ಬೈದನೋ ದೇವರಿಗೇ ಗೊತ್ತು. ಆಗ ನೋಡಿದೆ, ಬಾಗಿಲು ಬೋಳು. ನಂಬರಿನ ಕೊನೆಯ ಎರಡಂಕಿ ನಮ್ಮವೇ, ಮೊದಲಂಕಿ ಬೇರೆ. ಮೂರು ಭಾಷೆ ಓದಲು ಬರುವ ನಾನು ಯಾವುದೋ ಮಹಡಿಯಲ್ಲಿದ್ದೆ.

ಮೆಟ್ಟಿಲಿಗೆ ಬಂದು ಕುಸಿದು ಕೂತೆ. ಅಳು ಬಂತು. ಕದರಮಂಡಲಗಿಯ ಐದು ಕಾಯಿಯನ್ನು ಹನ್ನೊಂದು ಮಾಡಿದೆ.

ಮೇಲಿನಿಂದ ಚಪ್ಪಲಿಯ ಸಪ್ಪಳ ಕೇಳಿಸಿತು. ಯಕ್ಕ ಸೆರಗು ಸೊಂಟಕ್ಕೆ ಸಿಗಿಸಿ, ಗದ್ದೆಯ ಬದುವಿನ ಮೇಲೆ ಇಳಿದು ಬರುವ ಹಾಗೆ ಇಳಿದು ಬರುತ್ತಿದ್ದಳು. ಕೈಯಲ್ಲಿ ಆ ಮೊಳದುದ್ದದ ದಾರ, ಅದರಲ್ಲಿ ಗಂಟುಗಳು. ಹತ್ತುವಾಗ ಮಹಡಿಗೊಂದು ಗಂಟು ಹಾಕಿದ್ದಳು, ಇಳಿಯುವಾಗ ಮಹಡಿಗೊಂದು ಬಿಚ್ಚುತ್ತಿದ್ದಳು. ನನ್ನನ್ನು ಕಂಡು ನಿಂತಳು. ಯಾಕೆ ಬಂದೆ, ಹೇಗೆ ಕಳೆದೆ, ಒಂದೂ ಕೇಳಲಿಲ್ಲ. ದಾರ ನೋಡಿದಳು.

"ಇನ್ನೂ ಎರಡು ಗಂಟು ಅದಾವ ತಂಗಿ. ಏಳು, ಮನಿ ತೋರಸ್ತೇನಿ" ಎಂದಳು.

ಮೂರು ಭಾಷೆಯ ಮೇಡಂ ಮೂಗು ಒರೆಸಿಕೊಂಡು ಯಕ್ಕನ ಸೆರಗು ಹಿಡಿದು ಇಳಿದಳು. ಒಂದು ಗಂಟು ಬಿಚ್ಚಿತು, ಇನ್ನೊಂದು ಬಿಚ್ಚಿತು, ದಾರ ನೆಟ್ಟಗಾಯಿತು. ಓಣಿಗೆ ತಿರುಗುತ್ತಲೇ ಏಲಕ್ಕಿಯ ವಾಸನೆ ಬಂತು. ಆಮೇಲೆ ಹಸಿರು ಕಂಡಿತು, ನನ್ನ ಓಢಣಿ! ಅಷ್ಟು ಚೆಂದದ ಬಾಗಿಲನ್ನು ನಾನು ಯಾವ ಮದುವೆಮನೆಯಲ್ಲೂ ಕಂಡಿಲ್ಲ. ಅದರ ಮುಂದೆ ನಿಂತು, "ಯಕ್ಕಾ, ಹೊತ್ತು ಹುಟ್ಟಿದ್ದು ಕಂಡ್ಯಾ?" ಎಂದು ಕೇಳಿದೆ.

"ಕಂಡ್ನೆವ್ವಾ. ಮೊದಲ ಒಂದೆಳಿ ಕೆಂಪು ದಾರ ಕಂಡಂಗ ಕಂಡ್ತು. ಆಮ್ಯಾಲ ಫಕ್ಕನ ಎದ್ದ ನೋಡು! ನನ್ನ ಮಾರಿ ತುಂಬ ಬಿದ್ದ. ನಾ ಒಬ್ಬಾಕಿನ ಇದ್ದೆ, ನನಗಂತನ ಎದ್ದಂಗಾತು." ಕಣ್ಣು ಒದ್ದೆಯಾಗಿದ್ದವು, ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದಳು. ನನಗೂ ತಡೆಯಲಾಗಲಿಲ್ಲ, ಆಕೆಯನ್ನು ಗಟ್ಟಿಯಾಗಿ ಅಪ್ಪಿಕೊಂಡೆ. ಕಾರ್ಡನ್ನು ಮತ್ತೆಂದೂ ಕೇಳಲಿಲ್ಲ.

ನಾಷ್ಟಾದ ಹೊತ್ತಿಗೆ ನಾನೇ ಎದ್ದು ನಿಂತು, ಕಳೆದದ್ದು ನಾನು, ಹುಡುಕಿ ತಂದದ್ದು ಯಕ್ಕ ಎಂದು ಎಲ್ಲರಿಗೂ ಹೇಳಿದೆ. ಸಾಹೇಬರು ನಕ್ಕರು. ಆದರೆ ಅವತ್ತಿನಿಂದ ಆ ಓಣಿಯ ವ್ಯವಹಾರವೇ ಬದಲಾಯಿತು. ಪರವೂರಿನ ಮುದುಕರು, ಮಕ್ಕಳ ತಾಯಂದಿರು, ಎಲ್ಲರೂ ದಾರಿ ಹೇಳುವಾಗ ನಂಬರು ಬಿಟ್ಟರು. ಏಲಕ್ಕಿ ಬಾಗಿಲು ದಾಟಿ ಮೂರನೆಯದು, ಏಲಕ್ಕಿ ಬಾಗಿಲಿನ ಎದುರಿನದು. ಮರುದಿನ ಸಂಜೆ ನಾವಿಬ್ಬರೂ ಖೋಲಿಯಲ್ಲಿ ಕೂತಿದ್ದಾಗ ಹೊರಗೆ ಓಣಿಯಲ್ಲಿ ಸಾಹೇಬರು ಹೆಂಡತಿಯನ್ನು ಕೂಗಿ ಹೇಳುವುದು ಕೇಳಿಸಿತು: "ಅಲ್ಲಲ್ಲ, ಆ ಕಡೆ ಹೋಗಬ್ಯಾಡ! ಯಕ್ಕನ ಬಾಗಲಾ ಹಿಡಕೊಂಡು ಬಾ!" ಯಕ್ಕ ನನ್ನ ತೊಡೆ ಚಿವುಟಿದಳು. ಇಬ್ಬರೂ ದಿಂಬಿಗೆ ಬಾಯಿ ಒತ್ತಿಕೊಂಡು ನಕ್ಕೆವು.

ಇಳಿಯುವ ದಿನ ಬಿಲ್ಲೆಗಳನ್ನು ಅವರವರಿಗೆ ಕೊಟ್ಟಳು. ಏಲಕ್ಕಿ ಹಾರವನ್ನು ಓಣಿಯ ಕೆಲಸಗಾರನ ಕೊರಳಿಗೆ ಹಾಕಿದಳು. ಹಸಿರು ತೋರಣ ನನಗೆ ಬಂತು, ಓಢಣಿ ನನ್ನದಲ್ಲವೇ? ಬ್ಯಾಡಗಿಯ ನಮ್ಮ ಮನೆಯ ಬಾಗಿಲಿಗೆ ಅದು ಈಗಲೂ ಇದೆ. ಹಬ್ಬಕ್ಕೆ ಬಂದವರು, ಇದೇನು ಬಟ್ಟೆ ಚೂರು ಕಟ್ಟಿದ್ದೀರಿ ಎನ್ನುತ್ತಾರೆ. ಎಲ್ಲರಿಗೂ ಈ ಕಥೆ ಹೇಳುವುದಿಲ್ಲ, ಮುಖ ನೋಡಿ ಹೇಳುತ್ತೇನೆ.

ಊರಿಗೆ ಮುಟ್ಟಿದ ದಿನ ಯಕ್ಕನನ್ನು ಬಿಡಲು ನಾನೂ ಹೋಗಿದ್ದೆ. ಕಟ್ಟೆಯ ಮೇಲೆ ಹೆಣ್ಣುಮಕ್ಕಳೆಲ್ಲ ಮುತ್ತಿಕೊಂಡರು. ಹಡಗು ಎಷ್ಟು ದೊಡ್ಡದಿತ್ತು, ಉಣ್ಣಲು ಏನು ಕೊಟ್ಟರು, ಮೀನು ಕಂಡವೇ, ನೂರೆಂಟು ಪ್ರಶ್ನೆ. ಯಕ್ಕ ಕಾಲು ಚಾಚಿ ಕೂತು, ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಹಚ್ಚಿ, ಎಲ್ಲರೂ ಸುಮ್ಮನಾಗುವವರೆಗೆ ಕಾದಳು.

"ಅಲ್ಲಿ ಬಾಗಲಾ ಸಾವಿರ ಇದ್ದೂ" ಎಂದಳು. "ಎಲ್ಲಾ ಪಲ್ಲೆ. ದಾರ ಇದ್ದದ್ದು ನಂದೊಂದ. ಒಬ್ಬಾಕಿನ ಹೋದೆ, ಒಬ್ಬಾಕಿನ ತಿರಗಿ ಬಂದೆ."